ಔಷಧದ ಕವರಿನ ಮೇಲೆ ನಾನು ಬರೆಯದೆ ಬಿಟ್ಟದ್ದು

(ಚಿಕ್ಕಬಳ್ಳಾಪುರದಲ್ಲಿ ಹಾಲು ಉತ್ಪಾದಕ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೇಳಲು ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸಂಜೆ ಹಾಲು ಕರೆಯುವ ಹೊತ್ತಿಗೆ ನಿಮ್ಮನ್ನೆಲ್ಲ ಬಿಟ್ಟುಬಿಡಬೇಕು ಎಂದು ಸಂಘದ ಕಾರ್ಯದರ್ಶಿಯವರು ನನಗೆ ಮೊದಲೇ ತಾಕೀತು ಮಾಡಿದ್ದಾರೆ. ಹಸು ಉಪನ್ಯಾಸ ಮುಗಿಯಲಿ ಎಂದು ಕಾಯುವುದಿಲ್ಲ. ಆದ್ದರಿಂದ ಪೀಠಿಕೆ ಬಿಟ್ಟು ಒಂದು ಕಾಗದದ ಕವರಿನಿಂದ ಶುರು ಮಾಡುತ್ತೇನೆ.

ನಾನು ಇಪ್ಪತ್ತಾರು ವರ್ಷ ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಕಿಟಕಿಯ ಒಳಗೆ ನಿಂತವಳು. ಎಷ್ಟು ಸಾವಿರ ಕವರುಗಳ ಮೇಲೆ 1-0-1 ಎಂದು ಬರೆದಿದ್ದೇನೋ ಲೆಕ್ಕವಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದವರಿಗೂ ಆ ಅಂಕಿ ಅರ್ಥವಾಗುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಕವರಿನ ಮೇಲೆ 3-0-3 ಎಂದು ಬರೆದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಒಂದು ಹೊತ್ತೂ ತಪ್ಪಿಸಬೇಡಿ’ ಎಂದು ಬರೆದು ಎರಡು ಗೆರೆ ಎಳೆದೆ. ಆ ಕವರು ನನ್ನ ಸ್ವಂತ ಅಕ್ಕನದು. ಒಳಗಿದ್ದದ್ದು ಕ್ಯಾಪೆಸಿಟಬೀನ್, ಸ್ತನ ಕ್ಯಾನ್ಸರಿಗೆ ಕೊಡುವ ಕೀಮೋ ಮಾತ್ರೆ. ಆ ಕೆಂಪು ಗೆರೆಗಳು ಏನು ಮಾಡಿದವು ಎಂಬುದನ್ನು ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಸ್ವಲ್ಪ ತಾಳಿ.

ಅಕ್ಕನ ಮನೆ ಶಿಡ್ಲಘಟ್ಟದ ಹತ್ತಿರ. ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ, ಭಾವನವರದು ಸಣ್ಣದೊಂದು ರೇಷ್ಮೆ ನೂಲು ಬಿಚ್ಚುವ ಘಟಕ. ಅವಳಿಗೆ ಬಂದದ್ದು ವೈದ್ಯರು ಟ್ರಿಪಲ್ ನೆಗೆಟಿವ್ ಎನ್ನುವ ಬಗೆ. ಹಾರ್ಮೋನ್ ಮಾತ್ರೆಗೂ, ಹರ್-2 ಎಂಬ ಪ್ರೋಟೀನಿಗೆ ಗುರಿಯಿಡುವ ಚುಚ್ಚುಮದ್ದಿಗೂ ಅದು ಬಗ್ಗುವುದಿಲ್ಲ. ಬೆಂಗಳೂರಿಗೆ ಹೋಗಿ ಬಂದು ನರದ ಮೂಲಕ ಕೀಮೋ ಮುಗಿಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ತೆಗೆದ ಭಾಗವನ್ನು ಪರೀಕ್ಷೆ ಮಾಡಿದಾಗ ಗಡ್ಡೆಯ ಅಂಶ ಇನ್ನೂ ಉಳಿದಿತ್ತು. ಅಂಥವರಿಗೆ ಎಂಟು ಸುತ್ತು ಮಾತ್ರೆ ಕೊಡುವುದುಂಟು. ಜಪಾನ್ ಮತ್ತು ಕೊರಿಯಾದ 910 ಮಹಿಳೆಯರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಆಧಾರ. ಅದರಲ್ಲಿದ್ದ ಟ್ರಿಪಲ್ ನೆಗೆಟಿವ್ ರೋಗಿಗಳಲ್ಲಿ ಮಾತ್ರೆ ತೆಗೆದುಕೊಂಡವರ ಪೈಕಿ ನೂರಕ್ಕೆ ಸುಮಾರು 70 ಮಂದಿಗೆ ಐದು ವರ್ಷ ಕಾಯಿಲೆ ಮರಳಿರಲಿಲ್ಲ. ತೆಗೆದುಕೊಳ್ಳದವರಲ್ಲಿ ಅದು 56. ವೈದ್ಯರು ಈ ಲೆಕ್ಕವನ್ನು ವಿವರಿಸಿದಾಗ ಅಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, ‘ಅದೇನು ಐವತ್ತಾರು?’ ಎಂದು ನನ್ನನ್ನು ಕೇಳಿದಳು.

ಮಾತ್ರೆ ಎಂದು ಕೇಳಿದ ಕೂಡಲೇ ಮನೆಯಲ್ಲಿ ಹಬ್ಬದ ಕಳೆ ಬಂದಿತು. ಭಾವನವರು ಬಸ್ಸಿನಲ್ಲೇ ಮೂರು ಮಂದಿ ನೆಂಟರಿಗೆ ಫೋನ್ ಮಾಡಿ, ‘ಅಂತೂ ಮಾತ್ರೆಗೆ ಇಳಿಯಿತು’ ಎಂದರು. ನಮ್ಮ ಕಡೆ ಕಾಯಿಲೆಗಳಿಗೊಂದು ಅಂತಸ್ತಿದೆ, ನಿಮಗೂ ಗೊತ್ತು. ಮಾತ್ರೆಯ ಕಾಯಿಲೆ ಸಣ್ಣದು, ಸೂಜಿಯದು ಅದಕ್ಕಿಂತ ದೊಡ್ಡದು, ಗ್ಲೂಕೋಸ್ ಏರಿಸಿದರೆ ನೆಂಟರು ಹಣ್ಣು ತರುತ್ತಾರೆ, ಆಪರೇಷನ್ ಎಂದರೆ ಹೊಲ ಅಡವಿಡುತ್ತಾರೆ. ಮಾತ್ರೆಗೆ ಇಳಿದವರನ್ನು ನೋಡಲು ಯಾರೂ ಬರುವುದಿಲ್ಲ. ಅಕ್ಕನ ಕೂದಲೂ ಮರಳಿ ಬೆಳೆಯತೊಡಗಿತ್ತು. ಈ ಮಾತ್ರೆಗೆ ಸಾಮಾನ್ಯವಾಗಿ ಕೂದಲು ಪೂರ್ತಿ ಉದುರುವುದಿಲ್ಲ. ‘ಕೂದಲೇ ಉದುರಲಿಲ್ಲ, ಇದೆಂಥ ಕೀಮೋ?’ ಎಂದು ಪಕ್ಕದ ಮನೆಯವರು ಅನುಮಾನಪಟ್ಟರು. ಇನ್ನೊಬ್ಬರು, ‘ನಾನೂ ಐದು ವರ್ಷ ಕ್ಯಾನ್ಸರ್ ಮಾತ್ರೆ ನುಂಗಿದೆ, ಹೊಲದ ಕೆಲಸ ಒಂದು ದಿನವೂ ಬಿಡಲಿಲ್ಲ’ ಎಂದರು. ಅವರು ನುಂಗಿದ್ದು ಟಮಾಕ್ಸಿಫೆನ್, ಹಾರ್ಮೋನಿನ ಕೆಲಸವನ್ನು ತಡೆಯುವ ಮಾತ್ರೆ. ಅದಕ್ಕೂ ತನ್ನದೇ ತೊಂದರೆಗಳಿವೆ, ಆದರೆ ಅದು ಕೀಮೋ ಅಲ್ಲ. ಈ ಹೋಲಿಕೆಯಿಂದ ಅಕ್ಕನಿಗೆ ಆದ ಅವಮಾನ ಸಣ್ಣದಲ್ಲ. ತಾನು ಸೋಮಾರಿಯೇನೋ ಎಂದು ಅವಳಿಗೇ ಅನಿಸತೊಡಗಿತ್ತು.

ಕ್ಯಾಪೆಸಿಟಬೀನ್ ದೇಹದೊಳಗೆ ಹೋಗಿ ಮೂರು ಹಂತದಲ್ಲಿ ಬದಲಾಗಿ ಫ್ಲೋರೋಯುರಾಸಿಲ್ ಎಂಬ ಔಷಧವಾಗುತ್ತದೆ. ಅದು 1957ರಿಂದ ಗೊತ್ತಿರುವ, ನರದ ಮೂಲಕ ಏರಿಸುವ ಹಳೆಯ ಕೀಮೋ. ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಗಡ್ಡೆಯಲ್ಲಿ ಹೆಚ್ಚಾಗಿರುತ್ತದೆ, ಆದ್ದರಿಂದ ಅಲ್ಲಿ ಹೆಚ್ಚು ತಯಾರಾಗುತ್ತದೆ. ಹೆಚ್ಚು ಎಂದೆ, ಅಲ್ಲಿ ಮಾತ್ರ ಎನ್ನಲಿಲ್ಲ. ಬಾಯಿ, ಕರುಳು, ಅಂಗೈ, ಅಂಗಾಲುಗಳಿಗೂ ಅದರ ಬಿಸಿ ತಟ್ಟುತ್ತದೆ. ಪ್ರಮಾಣವನ್ನು ಎತ್ತರ ಮತ್ತು ತೂಕ ನೋಡಿ ಲೆಕ್ಕ ಹಾಕುತ್ತಾರೆ. ಅಕ್ಕನಿಗೆ 500 ಮಿಲಿಗ್ರಾಂನ ಮೂರು ಮಾತ್ರೆ ಬೆಳಿಗ್ಗೆ, ಮೂರು ರಾತ್ರಿ. ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡುವು. ಒಂದು ಸುತ್ತಿಗೆ 84 ಮಾತ್ರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೇರೆ ಲೆಕ್ಕ ಕೊಟ್ಟಿದ್ದರೆ ಅವರದೇ ಸರಿ, ನನ್ನ ಅಕ್ಕನದನ್ನು ತೆಗೆದುಕೊಂಡು ಹೋಗಬೇಡಿ.

ಎರಡು ಹೊತ್ತಿನ ನಡುವೆ ಸುಮಾರು ಹನ್ನೆರಡು ಗಂಟೆ ಇರಬೇಕು, ಊಟವಾದ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಎರಡನೆಯ ದಿನವೇ ಮೊಮ್ಮಗ ಅದನ್ನು ತೆಗೆದುಹಾಕಿದ. ಅಕ್ಕನೇ ದಾರಿ ಕಂಡುಕೊಂಡಳು. ಡೈರಿಗೆ ಹಾಲು ಹಾಕುವುದು ದಿನಕ್ಕೆ ಎರಡು ಬಾರಿ, ಹೆಚ್ಚುಕಡಿಮೆ ಹನ್ನೆರಡು ಗಂಟೆಯ ಅಂತರ. ಕ್ಯಾನು ಮನೆಗೆ ವಾಪಸ್ ಬಂದರೆ ಊಟ, ಊಟವಾದರೆ ಮಾತ್ರೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೀಟರು ಬರೆಯುವ ಚೌಕದೊಳಗೇ ಮಾತ್ರೆಗೆ ಒಂದು ಚುಕ್ಕೆ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರಿಗೂ ಇಷ್ಟು ಒಳ್ಳೆಯ ಉಪಾಯ ಹೇಳಿಕೊಟ್ಟಿರಲಿಲ್ಲ.

ಈಗ ಕೆಂಪು ಗೆರೆಗೆ ಬರುತ್ತೇನೆ.

ಎರಡನೆಯ ಸುತ್ತಿನ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅಕ್ಕನಿಗೆ ಭೇದಿ ಹತ್ತಿಕೊಂಡಿತು. ಹಗಲು ನಾಲ್ಕೈದು ಬಾರಿ, ರಾತ್ರಿ ಮತ್ತೆ ಮೂರು ಬಾರಿ. ಶೌಚಾಲಯ ಇರುವುದು ಕೊಟ್ಟಿಗೆಯ ಆಚೆ. ಸೊಸೆ ಬಸುರಿ, ಅವಳನ್ನು ಎಬ್ಬಿಸಲು ಮನಸ್ಸಿಲ್ಲ. ಭಾವ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋಗಬೇಕು, ಅವರನ್ನೂ ಎಬ್ಬಿಸಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ಬಂದಳು. ಬೆಳಗಾದ ಮೇಲೆ ಎರಡು ತುತ್ತು ಅನ್ನ ಮಜ್ಜಿಗೆ ತಿಂದು ಮೂರು ಮಾತ್ರೆ ನುಂಗಿದಳು. ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ನಾನು ಹೋದಾಗ ಅವಳ ಕಣ್ಣು ಗುಳಿ ಬಿದ್ದಿತ್ತು, ನಾಲಿಗೆ ಮರದ ಚಕ್ಕೆಯಂತೆ ಒಣಗಿತ್ತು. ‘ಇಷ್ಟಾದರೂ ಮಾತ್ರೆ ಯಾಕೆ ನುಂಗಿದೆ ಅಕ್ಕ?’ ಎಂದು ಕೇಳಿದೆ. ಅವಳು ದಿಂಬಿನ ಕೆಳಗಿನಿಂದ ಕವರು ತೆಗೆದು ತೋರಿಸಿದಳು. ‘ನೀನೇ ಬರೆದಿದ್ದೀಯಲ್ಲ.’

ನಾಲ್ಕು ದಿನ ಆಸ್ಪತ್ರೆಯಲ್ಲಿ ದ್ರವ ಏರಿಸಬೇಕಾಯಿತು. ಬದುಕಿಕೊಂಡಳು. ಆಗ ಅವಳಿಗೆ ಬೈದವರು ಬಹಳ ಮಂದಿ, ಭಾವನೂ ಸೇರಿ. ನನಗೆ ಬೈದವರು ಯಾರೂ ಇಲ್ಲ, ಏಕೆಂದರೆ ನಾನು ‘ತಿಳಿದವಳು’.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಹುಳು ಕೊರೆಯುತ್ತಿದೆ. ಮಾತ್ರೆಯನ್ನು ಯಾವಾಗ ನುಂಗಬೇಕು ಎಂದು ನಾವೆಲ್ಲ ಹೇಳುತ್ತೇವೆ. ವೈದ್ಯರು ಹೇಳುತ್ತಾರೆ, ದಾದಿ ಹೇಳುತ್ತಾರೆ, ನಾನು ಬರೆದುಕೊಡುತ್ತೇನೆ. ಯಾವಾಗ ನಿಲ್ಲಿಸಬೇಕು ಎಂದು ಯಾರೂ ಕಲಿಸುವುದಿಲ್ಲ. ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯಲ್ಲಿ ಅದೆಲ್ಲ ಇರುತ್ತದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಆಸ್ಪತ್ರೆಯಲ್ಲಿ ಹನಿ ಹನಿಯಾಗಿ ಕೀಮೋ ಏರಿಸುವಾಗ ರೋಗಿಗೆ ಮೈ ನಡುಕ ಬಂದರೆ ದಾದಿ ಓಡಿಬಂದು ನಳಿಕೆ ಮುಚ್ಚುತ್ತಾರೆ. ಮನೆಯಲ್ಲಿ ಆ ನಳಿಕೆ ಮುಚ್ಚುವ ಕೈ ಯಾರದು? ಅಕ್ಕನ ಮನೆಯಲ್ಲಿ ಅದು ಅವಳದೇ ಆಗಿತ್ತು, ಆ ಕೈಗೆ ಅಪ್ಪಣೆ ಇರಲಿಲ್ಲ.

ಬರೆಯದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವವರು ಮಾಡಿಕೊಳ್ಳಿ. ದಿನವೂ ಹೋಗುವುದಕ್ಕಿಂತ ನಾಲ್ಕು ಬಾರಿ ಹೆಚ್ಚಾಗಿ ಭೇದಿಯಾದರೆ, ಅಥವಾ ರಾತ್ರಿ ಭೇದಿಗೆಂದು ಏಳಬೇಕಾಗಿ ಬಂದರೆ, ಮುಂದಿನ ಹೊತ್ತಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಫೋನ್ ಮಾಡಬೇಕು. ದಿನದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವಾಂತಿಯಾದರೂ, ಬಾಯಿಹುಣ್ಣಿನಿಂದ ಊಟ ಸೇರದಿದ್ದರೂ, ಅಂಗೈ ಅಂಗಾಲು ಉರಿದು ದಿನದ ಕೆಲಸಕ್ಕೆ ಅಡ್ಡಿಯಾದರೂ ಹಾಗೆಯೇ. ಜ್ವರ 100.4 ಡಿಗ್ರಿ ದಾಟಿದರೆ ಅಥವಾ ಎದೆ ನೋವು ಬಂದರೆ ಫೋನಿನ ಮಾತಿಲ್ಲ, ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಮೊದಲ ಸುತ್ತಿನ ಮೊದಲ ಕೆಲವು ದಿನಗಳಲ್ಲೇ ಇವು ಜೋರಾಗಿ ಕಾಣಿಸಿಕೊಂಡರೆ ಇನ್ನೂ ಅವಸರ ಬೇಕು. ಈ ಔಷಧವನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವರಿಗೆ ಸಾಮಾನ್ಯ ಪ್ರಮಾಣವೂ ವಿಷವಾಗಬಹುದು. ಇನ್ನು ಒಂದು ಹೊತ್ತು ಮರೆತರೆ ಮರೆತಂತೆಯೇ. ಮುಂದಿನ ಹೊತ್ತಿಗೆ ಮೂರರ ಜಾಗದಲ್ಲಿ ಆರು ನುಂಗಬಾರದು.

ಆಸ್ಪತ್ರೆಯಿಂದ ಬಂದ ಮೇಲೆ ವೈದ್ಯರು ಪ್ರಮಾಣ ಇಳಿಸಿದರು. ಅಕ್ಕ ಅತ್ತಳು. ಭೇದಿಯಾದಾಗ ಅಳದವಳು, ಸ್ತನ ತೆಗೆದಾಗಲೂ ನಮ್ಮ ಮುಂದೆ ಅಳದವಳು, ಮಾತ್ರೆ ಕಡಿಮೆ ಮಾಡಿದಾಗ ಅತ್ತಳು. ‘ನನ್ನನ್ನು ಕೈಬಿಟ್ಟರಾ?’ ಎಂದಳು. ಆಮೇಲೆ ನಾನು ಬೇರೆ ಹೆಂಗಸರನ್ನು ಮಾತನಾಡಿಸಿದೆ. ಬಹಳ ಮಂದಿ ತಮ್ಮ ತೊಂದರೆಯನ್ನು ಮುಚ್ಚಿಡುವುದು ಇದೇ ಹೆದರಿಕೆಗೆ. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಕಾಯಿಲೆ ಬರುತ್ತದೆ. ‘ಹೇಗಿದ್ದೀರಿ?’ ಎಂದು ವೈದ್ಯರು ಕೇಳಿದರೆ, ‘ಚೆನ್ನಾಗಿದ್ದೇನೆ ಸಾರ್’ ಎನ್ನುತ್ತಾರೆ. ಮನೆಯವರು ಪಕ್ಕದಲ್ಲೇ ನಿಂತು ಹೂಂ ಎನ್ನುತ್ತಾರೆ. ಪ್ರಮಾಣ ಇಳಿಸುವುದು ಈ ಚಿಕಿತ್ಸೆಯಲ್ಲಿ ದಿನನಿತ್ಯದ ಮಾತು. ಒಂದೇ ಸುತ್ತಿಗೆ ಸೋತು ಕೂರುವುದಕ್ಕಿಂತ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಎಂಟೂ ಸುತ್ತು ಮುಗಿಸಲಿ ಎಂಬುದು ವೈದ್ಯರ ಲೆಕ್ಕ. ಅದನ್ನು ಅವರು ಬಾಯಿಬಿಟ್ಟು ಹೇಳಬೇಕು. ಹೇಳಲು ಹೊರಗೆ ಕಾಯುವವರ ಸಾಲು ಬಿಡುವುದಿಲ್ಲ, ಅದೂ ನನಗೆ ಗೊತ್ತು.

ಆ ಭೇದಿಯ ಹಿಂದೆ ಇನ್ನೊಂದು ಕಥೆ ಇದೆ. ಸೊಸೆಗೆ ಅಂಗನವಾಡಿಯ ಕಡೆಯಿಂದ ರಕ್ತದ ಮಾತ್ರೆ ಬರುತ್ತಿತ್ತು, ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಕೆಂಪು ಮಾತ್ರೆ. ಅತ್ತೆ ಬಿಳಿಚಿಕೊಂಡಿದ್ದಾರೆ ಎಂದು ಆ ಹುಡುಗಿ ಪ್ರೀತಿಯಿಂದ ತನ್ನ ಪಾಲಿನಿಂದ ದಿನಕ್ಕೊಂದು ಕೊಡುತ್ತಿದ್ದಳು. ಫೋಲಿಕ್ ಆಮ್ಲ ಈ ಕೀಮೋದ ಅಡ್ಡ ಪರಿಣಾಮವನ್ನು ಜೋರು ಮಾಡಬಲ್ಲದು. ಇದೂ ಕೈಜೋಡಿಸಿರಬಹುದು ಎಂದು ವೈದ್ಯರು ಅನುಮಾನಪಟ್ಟರು. ಸೊಸೆ ಅಂದು ಊಟ ಮಾಡಲಿಲ್ಲ. ಅವಳ ತಪ್ಪೇನಿದೆ? ಮನೆಯಲ್ಲಿ ಇನ್ಯಾವ ಮಾತ್ರೆಗಳಿವೆ ಎಂದು ನಾನೂ ಕೇಳಿರಲಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆಗೆ ಕೊಡುವ ಫೆನಿಟೋಯಿನ್ ಇವೂ ಕ್ಯಾಪೆಸಿಟಬೀನ್ ಜೊತೆ ಜಗಳಕ್ಕೆ ಬೀಳುತ್ತವೆ. ಆಸ್ಪತ್ರೆಗೆ ಹೋಗುವಾಗ ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ಹೋಗಿ ಮೇಜಿನ ಮೇಲೆ ಇಡಿ. ನಾಟಿ ಔಷಧದ ಪುಡಿ ಇದ್ದರೆ ಅದನ್ನೂ ಇಡಿ. ಬೈದರೆ ಬೈಸಿಕೊಳ್ಳಿ.

ಬಸುರಿ ಸೊಸೆ ಇದ್ದುದರಿಂದ ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಕೀಮೋ ಮಾತ್ರೆಯನ್ನು ಬಸುರಿಯರು, ಹಾಲೂಡಿಸುವವರು ಬರಿಗೈಯಲ್ಲಿ ಮುಟ್ಟಬಾರದು. ಬೇರೆ ಯಾರೇ ತೆಗೆದುಕೊಟ್ಟರೂ ಕೈಗವಸು ಹಾಕಿಕೊಳ್ಳಬೇಕು, ಕೈ ತೊಳೆಯಬೇಕು. ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಮಲಮೂತ್ರ ತಾಗಿದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಉಳಿದ ಮಾತ್ರೆ ತಿಪ್ಪೆಗೆ ಬೀಳಬಾರದು, ಆಸ್ಪತ್ರೆಯ ಔಷಧ ವಿಭಾಗಕ್ಕೆ ವಾಪಸ್ ಕೊಡಬೇಕು.

ಮೂರನೆಯ ಸುತ್ತಿನಿಂದ ಕೈಗಳ ಸರದಿ. ಅಂಗೈ ಕೆಂಪಾಯಿತು, ಆಮೇಲೆ ಚುರುಚುರು ಉರಿ, ಆಮೇಲೆ ಸಿಪ್ಪೆ ಏಳತೊಡಗಿತು. ಬಿಸಿ ಮತ್ತು ತಿಕ್ಕಾಟ ಎರಡೂ ಇದನ್ನು ಕೆರಳಿಸುತ್ತವೆ. ನಮ್ಮ ಕಡೆಯ ಹೆಂಗಸಿನ ಕೈಗೆ ದಿನವಿಡೀ ಬಿಸಿ ಮತ್ತು ತಿಕ್ಕಾಟ ಬಿಟ್ಟರೆ ಬೇರೇನಿದೆ ಹೇಳಿ. ಗೂಡು ಬೇಯಿಸಿ ಬಿಸಿನೀರಿನ ತೊಟ್ಟಿಯಿಂದ ಎಳೆ ಹುಡುಕಬೇಕು, ಕೆಚ್ಚಲು ಹಿಂಡಬೇಕು, ಸಂಜೆ ಕುದಿಯುವ ಹಿಟ್ಟನ್ನು ಅಂಗೈಯಲ್ಲಿ ಹೊರಳಿಸಿ ಮುದ್ದೆ ಕಟ್ಟಬೇಕು. ‘ಬಿಸಿ ಪದಾರ್ಥ ಮುಟ್ಟಬೇಡಿ, ಕೈಗೆ ಘರ್ಷಣೆ ಬೇಡ’ ಎಂದು ವೈದ್ಯರು ಹೇಳಿದಾಗ ಅವರಿಗೆ ತಾವು ಒಂದು ಸಂಸಾರವನ್ನೇ ನಿಲ್ಲಿಸುತ್ತಿದ್ದೇವೆ ಎಂದು ಗೊತ್ತಿರಲಿಕ್ಕಿಲ್ಲ.

ಇಲ್ಲಿ ಭಾವನವರನ್ನು ಹೊಗಳಬೇಕು. ಮೊದಲ ವಾರ ಅವರು, ‘ಒಂದು ತಿಂಗಳು ಅನ್ನವನ್ನೇ ತಿಂದರಾಯಿತು’ ಎಂದರು. ಮೂರನೆಯ ದಿನಕ್ಕೆ ಅವರಿಗೇ ಹೊಟ್ಟೆ ತುಂಬಲಿಲ್ಲ. ಹಿಟ್ಟನ್ನು ಕೋಲಿನಲ್ಲಿ ತಿರುವಿ, ನೀರು ಸವರಿದ ಬಟ್ಟಲಿಗೆ ಹಾಕಿ, ಬಟ್ಟಲನ್ನೇ ಗರಗರ ಆಡಿಸಿ ಉಂಡೆ ಮಾಡಲು ಕಲಿತರು. ಅದು ಮುದ್ದೆಯ ಆಕಾರಕ್ಕೆ ಬರಲು ಒಂದು ಸುತ್ತು ಕೀಮೋ ಮುಗಿಯಿತು. ಹಾಲು ಕರೆಯಲು ಕುಳಿತ ಮೊದಲ ದಿನ ಹಸು ಒದೆಯಿತು, ಎರಡನೆಯ ದಿನ ಕ್ಯಾನು ಉರುಳಿತು. ಮೂವತ್ತು ವರ್ಷ ಆ ಹಾಲಿನ ದುಡ್ಡನ್ನು ಎಣಿಸಿದ ಮನುಷ್ಯ ಹಸುವಿನ ಮೊಲೆ ಹಿಡಿದದ್ದು ಅದೇ ಮೊದಲು.

ಕೈಗಳಿಗೆ ಮಾಡಬಹುದಾದದ್ದು ಇದೆ. ಯೂರಿಯಾ ಸೇರಿದ ಮುಲಾಮು, ಸಡಿಲ ಚಪ್ಪಲಿ, ತಣ್ಣೀರು. 2024ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಹಿಡಿಸಿತು. ಮಂಡಿನೋವಿಗೆ ನಾವು ಹಚ್ಚುವ ಡೈಕ್ಲೋಫೆನಾಕ್ ಜೆಲ್ಲನ್ನು ಕ್ಯಾಪೆಸಿಟಬೀನ್ ತೆಗೆದುಕೊಳ್ಳುವವರ ಕೈಗಳಿಗೆ ದಿನಕ್ಕೆರಡು ಬಾರಿ ಹಚ್ಚಿಸಿದರು. ತಕ್ಕಮಟ್ಟಿಗೆ ಅಥವಾ ಜೋರಾಗಿ ಕೈಕಾಲು ಕೆಟ್ಟದ್ದು ಜೆಲ್ ಹಚ್ಚಿದವರಲ್ಲಿ ನೂರಕ್ಕೆ 4ಕ್ಕಿಂತ ಕಡಿಮೆ, ಔಷಧವಿಲ್ಲದ ಹುಸಿ ಜೆಲ್ ಹಚ್ಚಿದವರಲ್ಲಿ 15. ಹಳ್ಳಿಯ ಅಂಗಡಿಯಲ್ಲೂ ಸಿಗುವ ಅಗ್ಗದ ಟ್ಯೂಬು. ಅಕ್ಕನ ಕಾಲಕ್ಕೆ ಆ ಅಧ್ಯಯನ ಬಂದಿರಲಿಲ್ಲ. ನಿಮ್ಮ ವೈದ್ಯರನ್ನು ಕೇಳಿ ಹಚ್ಚಿ.

ಐದನೆಯ ಸುತ್ತಿನಲ್ಲಿ ಅಕ್ಕ ನ್ಯಾಯಬೆಲೆ ಅಂಗಡಿಗೆ ಹೋದಳು. ಹೆಬ್ಬೆಟ್ಟು ಒತ್ತಿದಳು, ಯಂತ್ರ ಒಪ್ಪಲಿಲ್ಲ. ಅಂಗಡಿಯವರು ಬೆರಳು ಒರೆಸಿ ನೋಡಿದರು, ಒದ್ದೆ ಮಾಡಿ ನೋಡಿದರು, ಹತ್ತೂ ಬೆರಳು ಒತ್ತಿಸಿದರು. ಸಿಪ್ಪೆ ಎದ್ದು ಎದ್ದು ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ‘ಸರ್ಕಾರಕ್ಕೆ ನಾನು ಯಾರೆಂದು ಮರೆತುಹೋಯಿತು’ ಎಂದು ನಗುತ್ತಾ ಖಾಲಿ ಚೀಲದೊಂದಿಗೆ ಮನೆಗೆ ಬಂದಳು. ಇದು ಅವಳೊಬ್ಬಳದೇ ಕಥೆಯೇನಲ್ಲ. ಇದೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸಿಂಗಪುರದ ವ್ಯಕ್ತಿಯೊಬ್ಬರನ್ನು ಬೆರಳಚ್ಚು ಇಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದಿದ್ದರು. 2009ರಲ್ಲಿ ಅವರ ವೈದ್ಯರೇ ಇದನ್ನು ವೈದ್ಯಕೀಯ ಪತ್ರಿಕೆಗೆ ಬರೆದರು. ಭಾವನ ಹೆಬ್ಬೆಟ್ಟಿನಿಂದ ನಮ್ಮ ಅಕ್ಕಿ ಬಂದಿತು. ಒಂಟಿಯಾಗಿರುವ ಹೆಂಗಸು ಏನು ಮಾಡಬೇಕು? ಆಧಾರ್ ದೃಢೀಕರಣಕ್ಕೆ ಕಣ್ಣಿನ ಪಾಪೆ, ಮುಖ, ಮೊಬೈಲಿಗೆ ಬರುವ ಒಟಿಪಿ ಇವೂ ಉಂಟು. ಮೊದಲ ಮಾತ್ರೆ ನುಂಗುವ ಮುಂಚೆಯೇ ಆಧಾರಿಗೆ ಸರಿಯಾದ ಮೊಬೈಲ್ ಸಂಖ್ಯೆ ಜೋಡಿಸಿಕೊಳ್ಳಿ. ವೈದ್ಯರಿಂದ ಒಂದು ಪತ್ರವನ್ನೂ ಬರೆಸಿಕೊಳ್ಳಿ. ಮಾತ್ರೆ ನಿಂತ ಮೇಲೆ ಗೆರೆಗಳು ಸಾಮಾನ್ಯವಾಗಿ ಮರಳುತ್ತವೆ. ಅಕ್ಕನಿಗೂ ಮರಳಿದವು.

ನಾನು ಮಾತ್ರೆಯ ವಿರೋಧಿ ಎಂದುಕೊಳ್ಳಬೇಡಿ. ನರದ ಕೀಮೋಗೆ ಬೆಂಗಳೂರಿಗೆ ಹೋಗುವ ದಿನ ಬೆಳಗಿನ ಜಾವ ಎದ್ದು, ವಾಂತಿ ಚೀಲ ಹಿಡಿದು, ರಾತ್ರಿ ಹಿಂತಿರುಗಬೇಕಿತ್ತು. ಜೊತೆಗೆ ಒಬ್ಬರ ಕೂಲಿಯೂ ಹೋಗುತ್ತಿತ್ತು. ಮಾತ್ರೆ ಬಂದ ಮೇಲೆ ಮೂರು ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ತೋರಿಸಿಕೊಂಡು ಬಂದರೆ ಸಾಕಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಈಗ ನಾವು ಹೆಂಗಸರು ಟಿಕೆಟ್ಟಿಗೆ ದುಡ್ಡೂ ಕೊಡಬೇಕಿಲ್ಲ. ಔಷಧದ ಬೆಲೆಯೂ ಮೊದಲಿನಷ್ಟಿಲ್ಲ. ಕ್ಯಾಪೆಸಿಟಬೀನ್ ಜನೌಷಧಿ ಕೇಂದ್ರಗಳ ಪಟ್ಟಿಯಲ್ಲೂ ಇದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಮಾತ್ರೆಯೂ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ದುಡ್ಡು ಕಟ್ಟಿದ ಮೇಲೆ ಕೇಳಬೇಡಿ.

ಕ್ಯಾನ್ಸರಿನ ಬೇರೆ ಮಾತ್ರೆಗಳಿಗೆ ಬೇರೆ ಲೆಕ್ಕ. ಪಾಲ್ಬೊಸಿಕ್ಲಿಬ್ ಇಪ್ಪತ್ತೊಂದು ದಿನ ನುಂಗಿ ಏಳು ದಿನ ಬಿಡುವುದು. ಸೈಕ್ಲೊಫಾಸ್ಫಮೈಡ್ ನುಂಗುವವರು ಚೆನ್ನಾಗಿ ನೀರು ಕುಡಿಯಬೇಕು, ಇಲ್ಲದಿದ್ದರೆ ಮೂತ್ರಕೋಶಕ್ಕೆ ಪೆಟ್ಟು. ವಾರದಲ್ಲಿ ಕೆಲವೇ ದಿನ ಎಂದು ಬರೆದ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಈಗ ಯಾರ ಕವರಿನ ಮೇಲಾದರೂ ಬರೆಯುವುದಿದ್ದರೆ ನಾನು ವಾರದ ಹೆಸರನ್ನೂ ಬರೆಯುತ್ತೇನೆ. ಹಿಂಬದಿಯನ್ನು ಖಾಲಿ ಬಿಡುವುದಿಲ್ಲ, ನಿಲ್ಲಿಸುವ ಕಾರಣಗಳೂ ಫೋನ್ ಸಂಖ್ಯೆಯೂ ಅಲ್ಲಿರುತ್ತವೆ.

ಇಷ್ಟು ಹೇಳಿ ಮುಗಿಸುವಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ಹೆಂಗಸರ ಸಭೆಗೆ ಯಾಕೆ ಬಂದರೋ ಎಂದು ನಾನು ಮೊದಲಿನಿಂದ ನೋಡುತ್ತಲೇ ಇದ್ದೆ. ‘ನಮ್ಮ ಮನೆಯವಳೂ ಈ ಮಾತ್ರೆಯನ್ನೇ ನುಂಗುತ್ತಿದ್ದಾಳೆ ತಾಯಿ. ನಿನ್ನೆ ರಾತ್ರಿ ಎರಡು ಸಲ ಎದ್ದಳು. ಕೇಳಿದರೆ ಏನೂ ಇಲ್ಲ ಅಂತಾಳೆ’ ಎಂದರು. ಆಸ್ಪತ್ರೆಯ ಸಂಖ್ಯೆ ಇದೆಯೇ ಎಂದು ಕೇಳಿದೆ. ಜೇಬಿನಿಂದ ಮಡಿಸಿದ ಹೊರರೋಗಿ ಚೀಟಿ ತೆಗೆದರು. ಅದರ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಸಂಖ್ಯೆ ಇತ್ತು, ಅದು ಅಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ವೇದಿಕೆಯ ಮೇಲಿಂದಲೇ ಫೋನ್ ಮಾಡಿದೆ. ಸಭೆ ಸದ್ದಿಲ್ಲದೆ ಕುಳಿತಿತ್ತು. ಎರಡನೆಯ ಬಾರಿ ಮಾಡಿದಾಗ ಆ ಕಡೆ ಒಬ್ಬ ದಾದಿ ಎತ್ತಿ, ‘ಯಾವ ಸುತ್ತು, ಎಷ್ಟನೆಯ ದಿನ?’ ಎಂದು ಕೇಳಿದರು. ನಾನು ಫೋನನ್ನು ಆ ಹಿರಿಯರ ಕೈಗೆ ಕೊಟ್ಟೆ.